ಕತ್ತಲಲ್ಲಿ ಬಂದವನು ಯಾರು?

(ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ)

 ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಜಾಗ ಇದೆ.

ಇವತ್ತಿನ ಸಂದೇಶ ಒಂದು ವಾಟ್ಸಾಪ್ ಮೆಸೇಜಿನಿಂದ ಶುರುವಾಯ್ತು. ಮೂರು ವಾರದ ಹಿಂದೆ ನಮ್ಮ ಸಭೆಯ ಒಬ್ಬ ತಮ್ಮ ರಾತ್ರಿ ಹನ್ನೊಂದೂವರೆಗೆ ನನಗೆ ಮೂರು ಫೋಟೋ ಕಳಿಸಿದ. ಒಂದು ರಿವಾಲ್ವರ್, ಒಂದು ಜೋಡಿನಳಿಗೆ ಕೋವಿ, ಒಂದು ಏರ್ ಪಿಸ್ತೂಲ್. ಕೆಳಗೆ, "ಪಾಸ್ಟರ್, ಇದ್ರಲ್ಲಿ ಯಾವ್ದು ತಗೊಳ್ಳಲಿ? ವಿಶ್ವಾಸಿ ತಗೋಬಹುದಾ?" ಅವನನ್ನು ಕೇಳಿಯೇ ಇದನ್ನ ಇಲ್ಲಿ ಹೇಳ್ತಿದ್ದೀನಿ. ಅವನು ನೈಟ್ ಶಿಫ್ಟಿನಲ್ಲಿದ್ದಾಗ ಮನೆಗೆ ಕಳ್ಳರು ನುಗ್ಗಿದ್ದರು. ಹಿಂಬಾಗಿಲ ಚಿಲಕ ಮುರಿದು ಬಂದವರು ಲ್ಯಾಪ್‌ಟಾಪು, ಎರಡು ಬಳೆ ತಗೊಂಡು ಹೋದರು. ಅಷ್ಟೂ ಹೊತ್ತು ಅವನ ಹೆಂಡತಿ ನಾಲ್ಕು ವರ್ಷದ ಮಗಳ ಬಾಯಿಗೆ ಕೈ ಅಡ್ಡ ಇಟ್ಟು ಬಾತ್‌ರೂಮಿನಲ್ಲಿ ಕೂತಿದ್ದರು. ಆ ಮಗು ಈಗಲೂ ಬಾತ್‌ರೂಮಿಗೆ ಒಬ್ಬಳೇ ಹೋಗಲ್ಲ.

ನಾನು ಮೊದಲು 127ನೇ ಕೀರ್ತನೆ ಅಂತ ಬರೆದು, ಕೈಜೋಡಿಸಿದ ಚಿಹ್ನೆ ಹಾಕಿದೆ. ಆಮೇಲೆ ಅಳಿಸಿದೆ. ದೇವರು ಕಾಯದಿದ್ದರೆ ಕಾವಲುಗಾರ ಎಚ್ಚರವಾಗಿರೋದು ವ್ಯರ್ಥ ಅನ್ನೋದು ಆ ಕೀರ್ತನೆಯ ಮಾತು. ಆದರೆ ಕಾವಲುಗಾರನನ್ನ ಕೆಲಸದಿಂದ ತೆಗೆದುಬಿಡಿ ಅಂತ ಅಲ್ಲಿ ಇಲ್ವಲ್ಲ? ನಮ್ಮ ಚರ್ಚ್ ಬಾಗಿಲಿಗೂ ಬೀಗ ಇದೆ. ಆಮೇಲೆ ಇನ್ನೊಂದು ವಿಷಯ. ಆ ಮೂರು ಫೋಟೋಗಳಲ್ಲಿ ಒಂದು ವಸ್ತು ನನ್ನ ಕೈಗೂ ಬಂದಿದೆ. ಅದನ್ನ ಮುಚ್ಚಿಟ್ಟು ಅವನಿಗೆ ಉಪದೇಶ ಮಾಡೋದು ಸರಿ ಇರಲಿಲ್ಲ.

ಮೊದಲು ಅವನ ಪ್ರಶ್ನೆಯನ್ನೇ ನೋಡೋಣ. ಯಾವುದು ತಗೊಳ್ಳೋದು?

ರಿವಾಲ್ವರ್ ಅಂದರೆ ಸಾಮಾನ್ಯ ನಾಗರಿಕರಿಗೆ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗೋದು .32 ಬೋರಿನದು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ 'ನಿರ್ಭೀಕ್' ಅನ್ನೋ ಹಗುರವಾದ ರಿವಾಲ್ವರ್ ತಂತು. ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ತೂಕ, ಆಗಿನ ಬೆಲೆ ಸುಮಾರು 1.22 ಲಕ್ಷ. ನಮ್ಮಲ್ಲಿ ಎಷ್ಟೋ ಜನರ ಮನೆ ಅಡ್ವಾನ್ಸ್ ಅಷ್ಟಿಲ್ಲ! ಸಣ್ಣ ನಳಿಗೆ, ಹಗುರ ಮೈ. ಹಾಗಾಗಿ ಹೊಡೆದಾಗ ಕೈಯಲ್ಲಿ ಜೋರಾಗಿ ಒದೆಯುತ್ತೆ, ಗುರಿ ಹಿಡಿಯೋದು ಕಷ್ಟ. ವರ್ಷಕ್ಕೊಮ್ಮೆ ಹೊರಗೆ ತೆಗೆಯುವವನಿಗೆ, ಎದೆ ಹೊಡ್ಕೊಳ್ತಿರುವಾಗ, ಇನ್ನೂ ಕಷ್ಟ. ಜೋಡಿನಳಿಗೆ ಕೋವಿ ಹಳ್ಳಿಯ ತೋಟಕ್ಕೆ ಸರಿ. ಇಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿ, ಎದುರು ಮನೆ ಕಿಟಕಿ ಆರಡಿ ದೂರದಲ್ಲಿರುವಾಗ, ಗುಂಡು ಕಳ್ಳನಲ್ಲೇ ನಿಲ್ಲುತ್ತೆ ಅಂತ ಯಾರು ಬರೆದುಕೊಡ್ತಾರೆ? ಏರ್ ಪಿಸ್ತೂಲ್ ಆಟದ ಅಭ್ಯಾಸಕ್ಕೆ. 4.5 ಮಿಲಿಮೀಟರ್ ಸೀಸದ ಗುಳಿಗೆ, ಹತ್ತು ಮೀಟರ್ ದೂರದ ಕಾಗದ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪದಕ ಗೆದ್ದಿದ್ದು ಅದರಲ್ಲೇ. ಅದರಿಂದ ಕಳ್ಳನನ್ನ ನಿಲ್ಲಿಸೋಕಾಗಲ್ಲ. ಆದರೆ ಒಬ್ಬರ ಕಣ್ಣು ತೆಗೀಬಹುದು.

ಲೈಸೆನ್ಸ್ ಬೇಕಂದ್ರೆ 21 ವರ್ಷ ಆಗಿರಬೇಕು. ಬೆಂಗಳೂರಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ. ಪೊಲೀಸ್ ವಿಚಾರಣೆ ಆಗುತ್ತೆ, ತರಬೇತಿಯ ಪ್ರಮಾಣಪತ್ರ ಕೇಳ್ತಾರೆ, ಮನೆಯಲ್ಲಿ ಎಲ್ಲಿ ಭದ್ರವಾಗಿ ಇಡ್ತೀಯ ಅಂತ ಕೇಳ್ತಾರೆ. ಈ ಕೊನೇ ಪ್ರಶ್ನೆ ಹತ್ತಿರ ಸ್ವಲ್ಪ ನಿಲ್ಲಿ. ಗನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ತೋಟಾಗಳನ್ನ ಬೇರೆ ಕಡೆ ಬೀಗದಲ್ಲಿಟ್ಟರೆ ಮಗು ಕ್ಷೇಮ. ಆದರೆ ರಾತ್ರಿ ಎರಡು ಗಂಟೆಗೆ ಚಿಲಕ ಮುರಿದಾಗ ಎರಡು ಬೀಗದಕೈ ಹುಡುಕಬೇಕು. ದಿಂಬಿನ ಕೆಳಗೆ ಇಟ್ಟರೆ ಕೈಗೆ ಸಿಗುತ್ತೆ, ನಾಲ್ಕು ವರ್ಷದ ಮಗಳ ಕೈಗೂ ಸಿಗುತ್ತೆ. ಧರ್ಮೋಪದೇಶಕಾಂಡ 22:8 ತೆಗೆಯಿರಿ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತಗೋಡೆ ಕಟ್ಟಬೇಕು, ಇಲ್ಲದಿದ್ದರೆ ಮೇಲಿಂದ ಯಾರಾದರೂ ಬಿದ್ದು ಸತ್ತ ರಕ್ತದ ಅಪರಾಧ ಆ ಮನೆಯ ಮೇಲೆ. ನಮ್ಮ ದೇವರು ಟೆರೇಸಿನ ಗೋಡೆಯ ಲೆಕ್ಕವನ್ನೂ ಕೇಳುವ ದೇವರು.

ಹಾಗಾದರೆ ಆತ್ಮರಕ್ಷಣೆ ಪಾಪವಾ? ಕೆಲವರು ಕೂಡಲೇ ಇನ್ನೊಂದು ಕೆನ್ನೆಯ ಮಾತು ಎತ್ತುತ್ತಾರೆ. ನನ್ನ ಕೆನ್ನೆ ನಾನು ಕೊಡಬಹುದು. ನನ್ನ ಮಗಳ ಕೆನ್ನೆ ಕೊಡೋಕೆ ನಾನ್ಯಾರು? ನೆಹೆಮೀಯನ ಜನ ಗೋಡೆ ಕಟ್ಟುವಾಗ ಕತ್ತಿ ಕಟ್ಟಿಕೊಂಡಿದ್ದರು, 4ನೇ ಅಧ್ಯಾಯ. ದೇವರು ಅದನ್ನ ಗದರಿಸಿದ ಅಂತ ಎಲ್ಲೂ ಇಲ್ಲ. ಆದ್ದರಿಂದ ಆಯುಧ ಮುಟ್ಟಿದವನೆಲ್ಲ ಬಿದ್ದುಹೋದ ಅಂತ ನಾನು ಬೋಧಿಸಲ್ಲ. ಕೊಡಗಿನಿಂದ ಬಂದಿರೋ ತಮ್ಮಂದಿರು ನಗ್ತಿದ್ದಾರೆ ನೋಡಿ! ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, 2029ರವರೆಗೆ ಮುಂದುವರೆಸಿದ್ದಾರೆ. ಗೋಡೆ ಮೇಲೆ ಕೋವಿ ಇರುವ ಮನೆಯಲ್ಲಿ ಹುಟ್ಟಿದೋರಿಗೆ ಅದರ ಶಿಸ್ತು ನಮ್ಮಂಥವರಿಗಿಂತ ಚೆನ್ನಾಗಿ ಗೊತ್ತು.

ಈಗ ಮುಖ್ಯ ವಾಕ್ಯ. ವಿಮೋಚನಕಾಂಡ 22:2, 3. ಕಳ್ಳ ಕನ್ನ ಕೊರೆಯುವಾಗ ಸಿಕ್ಕಿ ಏಟು ತಿಂದು ಸತ್ತರೆ, ಹೊಡೆದವನ ಮೇಲೆ ರಕ್ತಾಪರಾಧ ಇಲ್ಲ. ಆದರೆ ಸೂರ್ಯ ಹುಟ್ಟಿದ ಮೇಲಾದರೆ ಇದೆ. ಅದೇ ಕಳ್ಳ, ಅದೇ ಮನೆ, ಅದೇ ಏಟು. ವ್ಯತ್ಯಾಸ ಏನು? ಬೆಳಕು. ಡಿಪ್ಲೊಮಾ ಮಾಡುವಾಗ ಇದನ್ನ ಪರೀಕ್ಷೆಗೆ ಓದಿದ್ದೆ, ಆಗ ತಲೆಗೆ ಹತ್ತಿರಲಿಲ್ಲ. ಕತ್ತಲಲ್ಲಿ ಬಂದವನು ಯಾರು, ಯಾಕೆ ಬಂದ, ಕೈಯಲ್ಲಿ ಏನಿದೆ ಅಂತ ಮನೆಯವನಿಗೆ ಕಾಣಲ್ಲ. ಆ ಭಯಕ್ಕೆ ದೇವರು ಕನಿಕರ ತೋರಿಸ್ತಾನೆ. ಬೆಳಕಾದ ಮೇಲೆ ಮುಖ ಕಾಣುತ್ತೆ. ಮುಖ ಕಂಡ ಮೇಲೆ ಅವನು ನಿನ್ನ ಬಳೆ ಕದ್ದವನಾದರೂ ಅವನ ರಕ್ತಕ್ಕೆ ಬೆಲೆ ಇದೆ, ನೀನು ಲೆಕ್ಕ ಕೊಡಬೇಕು.

ಆಶ್ಚರ್ಯ ಏನಂದ್ರೆ, ನಮ್ಮ ದೇಶದ ಕಾನೂನಲ್ಲೂ ಇದರ ನೆರಳಿದೆ. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆ, ಮನೆ ಆಸ್ತಿಯ ರಕ್ಷಣೆಗೆ ಪ್ರಾಣ ತೆಗೆಯುವ ಮಟ್ಟಕ್ಕೂ ಹೋಗಬಹುದಾದ ಕೆಲವೇ ಸಂದರ್ಭಗಳಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಕನ್ನ ಹಾಕುವುದನ್ನ ಹೆಸರಿಸುತ್ತೆ. ಅಲ್ಲೂ ಒಂದು ಮಿತಿ ಇದೆ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ಆತ್ಮರಕ್ಷಣೆ ಅಂತ ಹೇಳಿದ್ರೆ ನಡೆಯೋದು ಕಷ್ಟ.

ಆದರೆ ಪ್ರಿಯರೇ, ಕಾನೂನು ಬಿಟ್ಟರೂ ಕತ್ತಲು ಬಿಡಲ್ಲ. ಇದನ್ನ ನಾನು ಪುಸ್ತಕದಿಂದ ಹೇಳ್ತಿಲ್ಲ.

ನನ್ನ ಸೋದರಮಾವ ಸಕಲೇಶಪುರದ ಕಡೆಯವರು. ಸ್ವಲ್ಪ ಕಾಫಿ, ಕೆಳಗೆ ಒಂದು ತುಂಡು ಗದ್ದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿ ಇಟ್ಟುಕೊಂಡಿದ್ದರು. ಪ್ರತಿ ಚುನಾವಣೆಗೂ ಠಾಣೆಗೆ ಜಮಾ ಮಾಡಿ, ಮುಗಿದ ಮೇಲೆ ತರೋರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಭತ್ತ ಹಾಲು ಕಟ್ಟುವ ಹೊತ್ತು, ಕಾಡುಹಂದಿ ಕಾಟ ಜೋರು. ಒಂದು ರಾತ್ರಿ ನಾಯಿ ಬೊಗಳಿತು, ಕಾಫಿ ಗಿಡ ಅಲ್ಲಾಡಿತು. ಮಾವ ಸದ್ದು ಬಂದ ಕಡೆ ಹೊಡೆದರು. ಕೂಗಿದ್ದು ಹಂದಿ ಅಲ್ಲ. ಪಕ್ಕದ ತೋಟದ ಕೂಲಿ ಮಾಡುವ ಅಣ್ಣ, ಹಗ್ಗ ಬಿಚ್ಚಿಕೊಂಡ ಹಸು ಹುಡುಕಿಕೊಂಡು ಟಾರ್ಚ್ ಇಲ್ಲದೆ ಬಂದಿದ್ದರು. ತೊಡೆಗೆ ಬಿದ್ದಿತ್ತು. ಮಾವನೇ ಹೊತ್ತುಕೊಂಡು ಜೀಪಿಗೆ ಹಾಕಿದರು. ಆ ಅಣ್ಣ ಬದುಕಿದರು, ದೇವರಿಗೆ ಸ್ತೋತ್ರ. ಆದರೆ ಎಡಗಾಲು ಎಳೆದುಕೊಂಡೇ ನಡೀತಾರೆ. ಕೇಸು ಆಯ್ತು, ಮುಗೀತು. ಕೋವಿ ಠಾಣೆಗೆ ಹೋಗಿದ್ದು ವಾಪಸ್ ಬರಲಿಲ್ಲ, ಮಾವ ಕೇಳಲೂ ಇಲ್ಲ. ಆಮೇಲೆ ಪ್ರತಿ ಸಂತೆಯಲ್ಲೂ ಆ ಕಾಲು ಅವರ ಕಣ್ಣೆದುರಿಗೇ ನಡೆದುಹೋಗೋದು. ಮಾವ ಸಂತೆಗೆ ಹೋಗೋದನ್ನೇ ಬಿಟ್ಟರು. ಕೊಡಲಿಯ ತಲೆ ಕಳಚಿ ಪಕ್ಕದವನಿಗೆ ಬಿದ್ದರೆ ಓಡಿಹೋಗೋಕೆ ಇಸ್ರಾಯೇಲಿನಲ್ಲಿ ಆಶ್ರಯನಗರಗಳಿದ್ದವು, ಧರ್ಮೋಪದೇಶಕಾಂಡ 19. ಮನಸ್ಸಲ್ಲಿ ದ್ವೇಷ ಇಲ್ಲದವನಿಗೂ ಮನೆ ಬಿಟ್ಟು ಹೋಗಬೇಕಾಗಿ ಬರ್ತಿತ್ತು. ಮಾವ ಮನೆಯಲ್ಲಿದ್ದುಕೊಂಡೇ ಆ ಊರಿಗೆ ಹೋಗಿಬಿಟ್ಟರು.

ಈಗ ನನ್ನ ಸಾಕ್ಷಿ. ಎರಡು ವರ್ಷದ ಹಿಂದೆ ಕಾಲೇಜು ಗೆಳೆಯನೊಬ್ಬ ನನ್ನನ್ನ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಏರ್ ಪಿಸ್ತೂಲ್. ಕಲಿಸುವವರು ಮೊದಲ ದಿನ ಗುಂಡು ಹಾಕೋಕೇ ಬಿಡಲಿಲ್ಲ. ಯಾವ ಗನ್ನೂ ತುಂಬಿದೆ ಅಂತಲೇ ತಿಳಿ, ಹೊಡೆಯಬಾರದ ಕಡೆ ನಳಿಗೆ ತಿರುಗಿಸಬೇಡ, ಹೊಡೆಯುವ ತನಕ ಕುದುರೆಗೆ ಬೆರಳು ಹಾಕಬೇಡ, ಗುರಿ ಏನು ಮತ್ತು ಅದರ ಹಿಂದೆ ಏನಿದೆ ಅಂತ ತಿಳಿದೇ ಹೊಡಿ ಅಂತ ಬಾಯಿಪಾಠ ಮಾಡಿಸಿದರು. ಈ ನಾಲ್ಕನೆಯದನ್ನ ಕೇಳಿದಾಗ ಮಾವ ನೆನಪಾದರು.

ನನಗೆ ಅದು ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಬೆರಳನ್ನ ಎಳೆಯಬಾರದು, ಮೆಲ್ಲಗೆ ಒತ್ತುತ್ತಾ ಹೋಗಬೇಕು. ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ದಿನವಿಡೀ ಫೋನಲ್ಲಿ ಚದುರಿಹೋಗೋ ಮನಸ್ಸು ಅಲ್ಲಿ ಒಂದು ಕಡೆ ನಿಲ್ಲುತ್ತೆ. ಇನ್ನೊಂದು ವಿಚಿತ್ರ ಕಲಿತೆ. ನಳಿಗೆಯ ತುದಿಯ ಗುರುತು ಕಣ್ಣಿಗೆ ಚೂಪಾಗಿ ಕಾಣಬೇಕು, ಗುರಿ ಮಸುಕಾಗಿರಬೇಕು. ಕಣ್ಣು ಎರಡನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಕಾಗದಕ್ಕಾದರೆ ಸರಿ.

ಆಗ ನಮ್ಮ ಪ್ರಾರ್ಥನಾಲಯದ ಕಟ್ಟಡದ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡದೆ ನಮ್ಮನ್ನ ಬಿಡಿಸಿದ್ದ ಸಮಯ. ನಿಮ್ಮಲ್ಲಿ ಹಳಬರಿಗೆ ಗೊತ್ತು, ಮಳೆಯಲ್ಲಿ ಸ್ಪೀಕರ್ ಹೊತ್ತುಕೊಂಡು ಬಂದವರು ನೀವೇ. ನಾಲ್ಕನೇ ವಾರವೋ ಏನೋ, ನನ್ನ ಕಾಗದದಲ್ಲಿ ಗುಳಿಗೆಗಳು ಒಂದೇ ಕಡೆ ಬಿದ್ದಿದ್ದವು. ಕಲಿಸುವವರು ಬೆನ್ನು ತಟ್ಟಿ, "ಇವತ್ತು ಏನು ಯೋಚನೆ ಮಾಡ್ತಿದ್ರಿ ಸಾರ್? ಅದನ್ನೇ ಮಾಡಿ" ಅಂದರು. ನನಗೆ ಮೈ ತಣ್ಣಗಾಯ್ತು. ಯಾಕಂದ್ರೆ ಮೂವತ್ತು ಸಲವೂ ಆ ಕಪ್ಪು ವೃತ್ತದಲ್ಲಿ ನಾನು ಆ ಮಾಲೀಕರ ಮುಖ ಇಟ್ಟಿದ್ದೆ. ಭಾನುವಾರ ನಿಮಗೆ ಕ್ಷಮೆಯ ಬಗ್ಗೆ ಬೋಧಿಸಿ, ಮಂಗಳವಾರ ಅಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಹೊಡೀತಿದ್ದೆ. ಮತ್ತಾಯ 5ರಲ್ಲಿ ಯೇಸುಸ್ವಾಮಿ ನರಹತ್ಯೆಯ ಮಾತನ್ನ ಕೋಪದ ಹತ್ತಿರಕ್ಕೆ ತಂದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು.

ನ್ಯಾಯಸ್ಥಾಪಕರು 20:16ರಲ್ಲಿ ಬೆನ್ಯಾಮೀನ ಕುಲದ 700 ಎಡಚರಿದ್ದಾರೆ. ಕೂದಲಿಗೆ ಕವಣೆ ಬೀಸಿದರೂ ಗುರಿ ತಪ್ಪದವರು. ಆ 'ತಪ್ಪು' ಅನ್ನೋದಕ್ಕೆ ಇಬ್ರಿಯದಲ್ಲಿರುವ ಕ್ರಿಯಾಪದವೇ 'ಪಾಪ ಮಾಡು' ಅನ್ನೋದಕ್ಕೂ ಬರುತ್ತೆ. ಇದನ್ನ ಎಲ್ಲ ಪಾಸ್ಟರುಗಳೂ ಹೇಳ್ತಾರೆ. ಹೇಳದೇ ಬಿಡೋದು ಏನಂದ್ರೆ, ಆ 700 ಜನ ಯಾರ ಪರವಾಗಿ ನಿಂತಿದ್ದರು? ಗಿಬೆಯದಲ್ಲಿ ಒಬ್ಬ ಹೆಣ್ಣುಮಗಳನ್ನ ರಾತ್ರಿಯಿಡೀ ಕೆಡಿಸಿ ಸಾಯಿಸಿದವರನ್ನ ಒಪ್ಪಿಸಲ್ಲ ಅಂದವರ ಪರ. ಕೂದಲೆಳೆ ತಪ್ಪದ ಕೈಗಳು ಅವು.

ಲೂಕ 22ಕ್ಕೆ ಬನ್ನಿ. ಕತ್ತಿ ಇಲ್ಲದವನು ಮೇಲಂಗಿ ಮಾರಿ ಕೊಂಡುಕೊಳ್ಳಲಿ ಅಂತ ಕರ್ತನೇ ಹೇಳಿದ್ದಾನೆ ಅಂತ ಆ ತಮ್ಮ ನನಗೆ ತೋರಿಸಿದ. ಹೌದು, 36ನೇ ವಚನ. ಶಿಷ್ಯರು ಎರಡು ಕತ್ತಿ ಇದೆ ಅಂದರು, ಸಾಕು ಅಂದನು. ಇದನ್ನ ಪಂಡಿತರು ಬೇರೆಬೇರೆ ರೀತಿ ಅರ್ಥ ಮಾಡ್ತಾರೆ. ನನಗೆ 37ನೇ ವಚನ ದೊಡ್ಡದಾಗಿ ಕಾಣುತ್ತೆ, ಅಪರಾಧಿಗಳ ಲೆಕ್ಕದಲ್ಲಿ ತಾನು ಎಣಿಸಲ್ಪಡಬೇಕು ಅಂತ ಕರ್ತನು ಅಲ್ಲಿ ಹೇಳ್ತಾನೆ. ಹನ್ನೊಂದು ಮಂದಿಯ ರಕ್ಷಣೆಗೆ ಎರಡು ಕತ್ತಿ ಹೇಗೆ ಸಾಕಾಗುತ್ತೆ? ಅದೇ ರಾತ್ರಿ, ಕತ್ತಲಲ್ಲಿ, ಪೇತ್ರ ಬೀಸಿದ. ಮುಂದೆ ನಿಂತವನು ಯಾರು ಅಂತ ನೋಡಿದನೋ ಇಲ್ಲವೋ. ಮಹಾಯಾಜಕನ ಆಳು, ಬಲಗಿವಿ ಹೋಯ್ತು. ಅವನಿಗೂ ಒಂದು ಹೆಸರಿತ್ತು, ಮಲ್ಕ ಅಂತ ಯೋಹಾನ ಬರೆದಿಟ್ಟಿದ್ದಾನೆ. ಕೈ ಕಟ್ಟುವ ಮೊದಲು ಯೇಸು ಮಾಡಿದ ಕೊನೆಯ ಗುಣಪಡಿಸುವಿಕೆ, ತನ್ನ ಶಿಷ್ಯನ ಆಯುಧ ಮಾಡಿದ ಗಾಯಕ್ಕೆ. ಮಾವನ ಗಾಯವನ್ನ ಮುಟ್ಟಿ ಸರಿಮಾಡೋಕೆ ಆ ರಾತ್ರಿ ಯಾರೂ ಇರಲಿಲ್ಲ, ಜೀಪ್ ಇತ್ತು ಅಷ್ಟೇ.

ಆ ತಮ್ಮನಿಗೆ ಏನು ಹೇಳಿದೆ? ಬೇಡ ಅಂತ ಹೇಳಲಿಲ್ಲ. ಅವನು ಅರ್ಜಿ ಹಾಕಿದ್ದಾನೆ, ಇನ್ನೂ ಬಾಕಿ ಇದೆ. ನಾನು ಕೇಳಿದ್ದು ಒಂದೇ. ಬಾಗಿಲ ಹತ್ತಿರ ನೆರಳು ಕಂಡಾಗ, ಅದು ಶಿಫ್ಟ್ ಮುಗಿಸಿ ಬೇಗ ಬಂದ ನೀನೇ ಆಗಿದ್ದರೆ? ಗನ್ ಹಿಡಿದು ಒಳಗೆ ನಿಂತಿರೋದು ನಿನ್ನ ಹೆಂಡತಿ ಅಲ್ವಾ? ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಂತ ಅವಳನ್ನ ಬರಿಗೈಯಲ್ಲಿ ಬಿಡಲಾ ಪಾಸ್ಟರ್?" ಅಂದ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಶನಿವಾರ ನಮ್ಮ ಮೂರು ಜನ ಹೋಗಿ ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಕೂರಿಸಿದೆವು, ಒಳಗಿಂದ ಅಡ್ಡಪಟ್ಟಿ ಹಾಕಿದೆವು, ಹೊರಗೆ ಲೈಟ್ ಹಾಕಿದೆವು. ಕೆಳಗಿನ ಮನೆಯ ಆಟೋ ಅಂಕಲ್ ನಮ್ಮ ಸಭೆಯವರಲ್ಲ, ತಮ್ಮ ನಂಬರ್ ತಾವೇ ಕೊಟ್ಟು, ಎಷ್ಟು ಹೊತ್ತಿಗಾದ್ರೂ ಫೋನ್ ಮಾಡಮ್ಮ ಅಂದರು. ನೈಟ್ ಶಿಫ್ಟ್ ಇರೋ ವಾರ ಇಬ್ಬರು ಸಹೋದರಿಯರು ಅವರ ಮನೆಯಲ್ಲಿ ಮಲಗ್ತಾರೆ. ಈ ವಾರಕ್ಕೆ ಒಬ್ಬರು ಕಡಿಮೆ ಇದ್ದಾರೆ, ಆರಾಧನೆ ಆದ ಮೇಲೆ ಹೆಸರು ಕೊಡಿ.

ನಾನು ರೇಂಜಿಗೆ ಆರು ತಿಂಗಳು ಹೋಗಲಿಲ್ಲ. ಮಾಲೀಕರ ಮನೆಗೆ ಹೋಗಿ ಅಡ್ವಾನ್ಸ್ ಮಾತು ಎತ್ತದೆ ಕಾಫಿ ಕುಡಿದು ಬಂದೆ. ಅವರಿಗೆ ಯಾಕೆ ಬಂದೆ ಅಂತಲೇ ಅರ್ಥ ಆಗಲಿಲ್ಲ. ಈಗ ಮತ್ತೆ ಹೋಗ್ತೀನಿ, ತಿಂಗಳಿಗೆ ಒಂದೆರಡು ಸಲ. ಅಂಕ ಮೊದಲಿನಷ್ಟು ಬರ್ತಿಲ್ಲ.

ಎದ್ದು ನಿಲ್ಲೋಣ. ಕೀಬೋರ್ಡ್ ತಮ್ಮಾ, ಸ್ವಲ್ಪ ಮೆಲ್ಲಗೆ. ಗನ್ ಮುಟ್ಟದವರೂ ಇದೀರಿ, ಆದರೆ ಕಪ್ಪು ವೃತ್ತದಲ್ಲಿ ಒಂದು ಮುಖ ಇಟ್ಟುಕೊಂಡೇ ಬಂದಿರಬಹುದು. ಜೋರಾಗಿ ಬೇಡ. ಆ ಹೆಸರು ಹಿಡಿದು, ಮನಸ್ಸಲ್ಲೇ ಪ್ರಾರ್ಥಿಸೋಣ.