24 ಗಂಟೆಯೊಳಗೆ ಬಂದು ಹೇಳಿ

ಯೋಗ್ಯಕರ್ತಾದಲ್ಲಿ ನಾನಿದ್ದ ಓಣಿಯ ಬಾಯಲ್ಲೇ ಒಂದು ತಗಡಿನ ಬೋರ್ಡು. ಹೊರಗಿನಿಂದ ಬಂದು ಉಳಿದುಕೊಳ್ಳುವವರು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು ಅಂತ ಅದರಲ್ಲಿ ಬರೆದಿತ್ತು. ಇಂಡೋನೇಷ್ಯಾದ ಊರುಗಳಲ್ಲಿ ಇದು ಸಾಮಾನ್ಯ, ಓಣಿ ಓಣಿಗೂ ಇಂಥದ್ದೊಂದು ಬೋರ್ಡು ಸಿಗುತ್ತೆ. ಮೊದಲ ದಿನ ಫೋನ್ ಹಿಡಿದು ಅನುವಾದ ಮಾಡಿ ಓದಿದಾಗ ನನಗೆ ಸ್ವಲ್ಪ ಕಿರಿಕಿರಿಯೇ ಆಯ್ತು. ಬಾಡಿಗೆ ಕಟ್ಟಿದ್ದೀನಿ, ವೀಸಾ ಇದೆ, ಇನ್ಯಾರಿಗೆ ಏನು ವರದಿ?

ಆಫೀಸಿನವರು ಮೂರು ತಿಂಗಳ ಕೆಲಸಕ್ಕೆ ಕಳಿಸಿದ್ದರು. ಹೋಟೆಲಿನ ಬದಲು ಒಂದು ರೂಮು ಹಿಡಿದೆ. ಅಲ್ಲಿ ಅದಕ್ಕೆ ‘ಕೋಸ್’ ಅಂತಾರೆ, ನಮ್ಮ ಪಿ.ಜಿ. ಇದ್ದ ಹಾಗೆ. ಮೂರು ನದಿಗಳು ಹರಿಯುವ ಊರು ಅದು, ನಾನಿದ್ದದ್ದು ನಡುವಿನದರ ದಂಡೆಯಲ್ಲಿ. ಆ ನದಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಾವೆಲ್ಲ ‘ಕೋಡ್’ ಅಂತಲೇ ಓದ್ತೀವಿ. ಅವರು ಹೇಳೋದು ‘ಚೋಡೆ’ ಅಂತ. ಕೋಡ್ ಬರೆಯಲು ಹೋದವನಿಗೆ ಕೋಡ್ ನದಿಯ ಪಕ್ಕವೇ ರೂಮು ಸಿಕ್ಕಿತು ಅಂತ ಸ್ನೇಹಿತರಿಗೆಲ್ಲ ಜೋಕು ಮಾಡಿ ಕಳಿಸಿದ್ದೂ ಆಯ್ತು.

ಮೇಲೆ ದೊಡ್ಡ ರಸ್ತೆ, ಡಚ್ಚರ ಕಾಲದ ಬಂಗಲೆಗಳಿರುವ ಕೋತಾಬಾರು ಬಡಾವಣೆ. (ನಮ್ಮ ‘ಕೋಟೆ’ಯೇ ಅಲ್ಲಿ ‘ಕೋತಾ’, ಅಂದ್ರೆ ನಗರ. ಕೋತಾಬಾರು ಅಂದ್ರೆ ಹೊಸ ನಗರ.) ಗೊಂಡೊಲಾಯು ಸೇತುವೆಯ ಪಕ್ಕದ ಮೆಟ್ಟಿಲು ಇಳಿದರೆ ಗದ್ದಲವೆಲ್ಲ ತಲೆ ಮೇಲೆಯೇ ಉಳಿದುಬಿಡುತ್ತೆ. ಕೆಳಗಿರೋದು ಬೇರೆಯದೇ ಊರು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಸಣ್ಣ ಓಣಿಗಳು, ಸೂರಿಗೆ ನೇತುಹಾಕಿದ ಹಕ್ಕಿ ಪಂಜರಗಳು, ಬಾಗಿಲಲ್ಲೇ ಒಲೆ, ಬಾಗಿಲಲ್ಲೇ ಒಗೆದ ಬಟ್ಟೆ. ನಾನು ಆಫೀಸಿಗೆ ಹೋಗಬೇಕಾದರೆ ದಿನಾ ಏಳೆಂಟು ಮನೆಗಳ ಅಡುಗೆಮನೆ ದಾಟಿಕೊಂಡೇ ಹೋಗಬೇಕಿತ್ತು ಅಂದರೂ ತಪ್ಪಲ್ಲ.

ಹಾಗೆ ದಾಟೋದಕ್ಕೂ ಒಂದು ಕ್ರಮ ಉಂಟು. ಸ್ವಲ್ಪ ಬಗ್ಗಿ, ಬಲಗೈ ಕೆಳಗೆ ಚಾಚಿ, ‘ನುವುನ್ ಸೆವು’ ಅನ್ನಬೇಕು. ಜಾವಾ ಭಾಷೆಯಲ್ಲಿ ಸಾವಿರ ಬೇಡುತ್ತೇನೆ ಅಂತ ಅದರ ಅರ್ಥ, ಸಾವಿರ ಕ್ಷಮೆ ಅಂದುಕೊಳ್ಳಿ. ಕೂತವರು ‘ಮೊಂಗ್ಗೊ’ ಅಂತಾರೆ, ಹೋಗಿಬನ್ನಿ ಅನ್ನೋ ಥರ. ಮನೆಯ ಮಾಲೀಕಮ್ಮ, ಎಲ್ಲರಿಗೂ ಅವರು ‘ಇಬು’, ಮೊದಲ ಸಂಜೆಯೇ ನನಗೆ ಇದನ್ನು ಹೇಳಿಕೊಟ್ಟರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜನರ ಮುಂದೆಯೇ ನಡೆದು ಬಂದಿದ್ದನ್ನು ನೋಡಿಬಿಟ್ಟಿದ್ದರು ಅಂತ ಕಾಣುತ್ತೆ.

ಅದೇ ರಾತ್ರಿ ನನ್ನನ್ನು ‘ಪಾಕ್ ಎರ್‌ತೆ’ ಮನೆಗೆ ಕರೆದುಕೊಂಡು ಹೋದರು. ಎರ್‌ತೆ ಅಂದರೆ ನೆರೆಹೊರೆಯ ಕೂಟ, ಕೆಲವು ಹತ್ತು ಮನೆಗಳದ್ದು. ಅದರ ಮುಖಂಡನನ್ನು ಎಲ್ಲರೂ ಹಾಗೇ ಕರೆಯೋದು, ಸ್ವಂತ ಹೆಸರು ಹಿಂದೆ ಬಿದ್ದುಹೋಗಿರುತ್ತೆ. ಲುಂಗಿಯಲ್ಲಿ ಕೂತಿದ್ದ ಅವರು ಪಾಸ್‌ಪೋರ್ಟನ್ನು ಎರಡು ಸೆಕೆಂಡ್ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಶುರುವಾಯ್ತು ನೋಡಿ ನಿಜವಾದ ವಿಚಾರಣೆ. ಅಪ್ಪ ಅಮ್ಮ ಇದ್ದಾರಾ? ಮದುವೆ? ಯಾಕಿಲ್ಲ? ಮಾಂಸ ತಿನ್ನಲ್ಲವಾ, ಹಾಗಾದರೆ ತೆಂಪೆ ಆಗುತ್ತಾ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡ್ತೀಯ? ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ತಮ್ಮ ನಂಬರನ್ನೇ ನನ್ನ ಫೋನಿಗೆ ಹಾಕಿಕೊಟ್ಟರು.

ಬೆಂಗಳೂರಿನ ನನ್ನ ಅಪಾರ್ಟ್‌ಮೆಂಟಿನಲ್ಲೂ ಗೇಟಿಗೆ ಬಂದವರೆಲ್ಲ ವರದಿ ಮಾಡಲೇಬೇಕು. ಅದಕ್ಕೊಂದು ಆ್ಯಪ್ ಇದೆ, ಒ.ಟಿ.ಪಿ. ಇದೆ. ನಾಲ್ಕು ವರ್ಷದಿಂದ ಅಲ್ಲಿದ್ದೀನಿ, ಎದುರು ಫ್ಲಾಟಿನವರ ಹೆಸರು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ.

ಇದನ್ನು ಬರೆದ ತಕ್ಷಣ, ಆಹಾ ಎಂಥ ಆತ್ಮೀಯ ಸಮಾಜ ಅಂತ ಹಾಡಿ ಹೊಗಳುವ ಅಪಾಯ ಉಂಟು. ಸ್ವಲ್ಪ ತಡೆಯಿರಿ. ಈ ನೆರೆಹೊರೆ ಕೂಟದ ಬೇರು ಎರಡನೇ ಮಹಾಯುದ್ಧದ ಕಾಲದ್ದು. ಜಾವಾವನ್ನು ಹಿಡಿದಿದ್ದ ಜಪಾನಿನ ಸೇನೆ ಜನರನ್ನು ಅಂಕೆಯಲ್ಲಿಡಲು ತಮ್ಮ ದೇಶದ ಪದ್ಧತಿಯನ್ನೇ ಅಲ್ಲಿ ತಂದಿಟ್ಟಿತು. ಆಮೇಲೆ ಸುಹಾರ್ತೊ ಸರ್ಕಾರಕ್ಕೂ ಯಾರ ಮನೆಗೆ ಯಾರು ಬಂದರು ಅನ್ನೋ ಲೆಕ್ಕ ಬೇಕಿತ್ತು. ಜ್ವರ ಬಂದರೆ ಯಾರಿಗೆ ಫೋನ್ ಅಂತ ಕೇಳುವ ಕಣ್ಣು, ನಿನ್ನೆ ರಾತ್ರಿ ರೂಮಿಗೆ ಯಾರು ಬಂದಿದ್ದರು ಅಂತಲೂ ಕೇಳಬಲ್ಲದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕೊಡೋಕೆ ಆಗಲ್ಲ. ನನಗೆ ಮೂರು ತಿಂಗಳು ಹಿತವಾಗಿತ್ತು. ಅಲ್ಲೇ ಹುಟ್ಟಿ ಬೆಳೆದ ಇಪ್ಪತ್ತರ ಹುಡುಗಿಗೆ ಹೇಗಿರುತ್ತೋ, ಅವಳನ್ನೇ ಕೇಳಬೇಕು.

ಸೇತುವೆಯ ಬುಡದಲ್ಲಿರುವ ವಸತಿಯದ್ದು ಇನ್ನೂ ದೊಡ್ಡ ಕಥೆ. 1980ರ ದಶಕದ ಶುರುವಿನಲ್ಲಿ ಅಲ್ಲಿ ಇದ್ದದ್ದು ಚಿಂದಿ ಆಯುವವರು, ಸೈಕಲ್ ರಿಕ್ಷಾ ತುಳಿಯುವವರು, ರಟ್ಟು ಪ್ಲಾಸ್ಟಿಕ್ಕಿನ ಗುಡಿಸಲುಗಳು. ದಂಡೆಯನ್ನು ತೆರವು ಮಾಡಬೇಕು ಅಂತ ಸರ್ಕಾರ ಹೊರಟಿತ್ತು. ವೈ. ಬಿ. ಮಾಂಗುನ್‌ವಿಜಾಯಾ ಅಂತ ಒಬ್ಬರು ಕ್ಯಾಥೊಲಿಕ್ ಪಾದ್ರಿ ಇದ್ದರು. ಜರ್ಮನಿಯ ಆಖೆನ್‌ನಲ್ಲಿ ವಾಸ್ತುಶಿಲ್ಪ ಓದಿದವರು, ಕಾದಂಬರಿಕಾರರೂ ಹೌದು. ಅವರು ಆ ದಂಡೆಯಲ್ಲೇ ಮನೆ ಮಾಡಿ ವರ್ಷಗಟ್ಟಲೆ ಇದ್ದರು. ಒಡೆಯಲು ಬಂದರೆ ಉಪವಾಸ ಕೂರ್ತೀನಿ ಅಂದರು. ಅಲ್ಲಿಯ ಜನರನ್ನು ಕೂಡಿಸಿಕೊಂಡು ಬಿದಿರು, ಮರದ ಮನೆಗಳನ್ನು ಕಟ್ಟಿಸಿದರು. ಕಲಾ ಶಾಲೆಯ ಹುಡುಗರು ಬಂದು ಗೋಡೆಗಳಿಗೆ ಬಣ್ಣದ ಚಿತ್ರ ಬರೆದರು. 1992ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಒಡೆಯಬೇಕು ಅಂದಿದ್ದ ಜಾಗವನ್ನು ನೋಡೋಕೆ ಈಗ ಪ್ರವಾಸಿಗಳು ಬರ್ತಾರೆ.

ಇಲ್ಲಿ ನನಗೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಜನ ಉಳಿದದ್ದು ಅವರಿಗೆ ಉಳಿಯುವ ಹಕ್ಕಿದೆ ಅಂತ ಎಲ್ಲರೂ ಒಪ್ಪಿದ್ದಕ್ಕೋ, ಅಥವಾ ಅವರ ಮನೆಗಳು ಚೆಂದ ಕಂಡವು ಅನ್ನೋದಕ್ಕೋ? ಪಾದ್ರಿಯೂ ಬೇಕಿತ್ತು, ಬಣ್ಣವೂ ಬೇಕಿತ್ತು ಅಂತಾದರೆ, ಇವೆರಡೂ ಸಿಗದ ದಂಡೆಯವರು ಏನು ಮಾಡಬೇಕು?

ಇದೇ ಗುಂಗಿನಲ್ಲಿದ್ದಾಗ ಒಂದು ವಾರಾಂತ್ಯ ಪೂರ್ವ ಜಾವಾದ ಮಲಾಂಗ್‌ಗೆ ರೈಲು ಹತ್ತಿದೆ. ಬ್ರಾಂತಾಸ್ ನದಿಯ ದಂಡೆಯ ಜೋಡಿಪಾನ್ ಕೇರಿಯ ಫೋಟೋ ನೀವೂ ಇನ್‌ಸ್ಟಾಗ್ರಾಂನಲ್ಲಿ ನೋಡಿರ್ತೀರಿ. ಗೋಡೆ, ಸೂರು, ಮೆಟ್ಟಿಲು ಎಲ್ಲಕ್ಕೂ ಕಾಮನಬಿಲ್ಲಿನ ಬಣ್ಣ. ‘ವಾರ್ನಾ ವಾರ್ನಿ’ ಕಾಂಪುಂಗ್ ಅಂತ ಹೆಸರು, ನಮ್ಮ ವರ್ಣವೇ. ಇದೂ ತೆರವಾಗಬೇಕಿದ್ದ ಕೇರಿಯೇ. 2016ರಲ್ಲಿ ಅಲ್ಲಿಯ ಮುಹಮ್ಮದೀಯ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಒಂದು ಬಣ್ಣದ ಕಂಪನಿಯನ್ನು ಒಪ್ಪಿಸಿ ಇಡೀ ಕೇರಿಗೆ ಬಣ್ಣ ಹೊಡೆಸಿದರು. ಮರುವರ್ಷ ನದಿಯ ಆಚೆ ದಡಕ್ಕೆ ಗಾಜಿನ ಸೇತುವೆಯೂ ಬಂತು. ನಾನು ಹೋದಾಗ ಬಾಗಿಲಲ್ಲಿ ಟಿಕೆಟ್ ಐದು ಸಾವಿರ ರುಪಿಯಾ. ಹೆದರಬೇಡಿ, ನಮ್ಮ ದುಡ್ಡಲ್ಲಿ ಮೂವತ್ತು ರೂಪಾಯಿಯೂ ಆಗಲ್ಲ. ಜೊತೆಗೆ ಒಂದು ಕೀ ಚೈನು ಫ್ರೀ.

ಟಿಕೆಟ್ ಕೈಗೆ ಬಂದ ಮೇಲೆ ನನ್ನ ನಡಿಗೆಯೇ ಬದಲಾಯ್ತು. ‘ನುವುನ್ ಸೆವು’ ಬಾಯಿಗೆ ಬರಲಿಲ್ಲ. ಎರಡು ತಿಂಗಳಿಂದ ಬಗ್ಗಿ ನಡೆದು ಅಭ್ಯಾಸವಾಗಿದ್ದ ಬೆನ್ನು ನೆಟ್ಟಗಾಗಿತ್ತು. ಒಂದು ಮನೆಯ ಕಿಟಕಿಯಲ್ಲಿ ಅಜ್ಜ ಊಟ ಮಾಡ್ತಾ ಕೂತಿದ್ದ. ಹಿಂದಿನ ಹಳದಿ ಗೋಡೆ, ಮೇಲೆ ತೂಗುಬಿಟ್ಟ ಛತ್ರಿಗಳು, ಅಜ್ಜನ ಮುಖದ ಮೇಲೆ ಓರೆ ಬಿಸಿಲು. ಫೋನ್ ಎತ್ತಿ ತೆಗೆದೇಬಿಟ್ಟೆ. ಅಜ್ಜ ತಲೆ ಎತ್ತಿ ನೋಡಿ ಮತ್ತೆ ತಟ್ಟೆಗೆ ಕೈ ಹಾಕಿದ. ಕೋಪವೂ ಇಲ್ಲ, ನಗುವೂ ಇಲ್ಲ. ಎಷ್ಟು ಜನರನ್ನು ನೋಡಿದ್ದಾನೋ.

ಯೋಗ್ಯಕರ್ತಾದ ನನ್ನ ಓಣಿಯಲ್ಲಿ ಇದನ್ನು ಮಾಡುತ್ತಿದ್ದೆನಾ? ಸಾಧ್ಯವೇ ಇಲ್ಲ. ಸಂಜೆಯೊಳಗೆ ಇಬುಗೆ ಗೊತ್ತಾಗ್ತಿತ್ತು.

ಕೆಳಗೆ ಒಂದು ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ, ಮುರುಕು ಭಾಷೆಯಲ್ಲಿ ಅಂಗಡಿಯಮ್ಮನನ್ನು ಕೇಳಿದೆ: ದಿನಾ ಇಷ್ಟು ಜನ ಬಂದು ಮನೆಯೊಳಗೆ ಇಣುಕ್ತಾರಲ್ಲ, ಬೇಜಾರಾಗಲ್ವಾ? ಆಕೆ ನಕ್ಕುಬಿಟ್ಟಳು. ಮೊದಲು ಯಾರೂ ಬರುತ್ತಿರಲಿಲ್ಲ, ರೈಲಿನಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಹೋಗ್ತಿದ್ದರು, ಈಗ ಕಾಫಿ ಕುಡೀತಾರೆ ಅಂದಳು. ಜೊತೆಗೆ, ಭಾನುವಾರ ಮಾತ್ರ ತಲೆನೋವು ಅಂತಲೂ ಸೇರಿಸಿದಳು.

ನನ್ನ ಮುಜುಗರವೆಲ್ಲ ಎಷ್ಟು ಪುಕ್ಕಟೆಯದ್ದು ಅಂತ ಆಗ ಅನ್ನಿಸಿತು. ಆಕೆಗೆ ಮನೆ ಉಳಿದಿದೆ, ಅಂಗಡಿ ನಡೀತಿದೆ. ‘ಬಡತನವನ್ನು ಪ್ರದರ್ಶನಕ್ಕಿಡಬಾರದು’ ಅನ್ನೋ ನನ್ನ ಉನ್ನತ ವಿಚಾರ ಆಕೆಗೆ ಒಂದು ಲೋಟ ಕಾಫಿಯನ್ನೂ ಮಾರಿಕೊಡಲ್ಲ. ಆದರೂ ಅಜ್ಜನ ವಿಷಯ ಬಗೆಹರಿಯಲ್ಲ. ಬಣ್ಣ ಒಳಗೆ ಬಿಟ್ಟುಕೊಂಡದ್ದು ಕಣ್ಣುಗಳನ್ನು. ಬಣ್ಣ ಮಾಸಿದ ದಿನ, ಕಣ್ಣುಗಳು ಬೇರೆ ಊರಿನ ಬೇರೆ ಕೇರಿಗೆ ಹೋದ ದಿನ, ಆ ಕೇರಿ ಉಳಿಯಬೇಕು ಅಂತ ಯಾರು ನಿಲ್ತಾರೆ? ಟಿಕೆಟ್ ತಗೊಂಡವನಿಗೆ ಏನೂ ಬಾಕಿ ಇರಲ್ಲ, ದುಡ್ಡು ಕೊಟ್ಟಾಗಿದೆ. ಓಣಿಯಲ್ಲಿ ಬಗ್ಗಿ ಹೋಗುವವನ ಬಾಕಿ ದಿನಾ ಸ್ವಲ್ಪ ಉಳಿದೇ ಉಳಿಯುತ್ತೆ.

ವಾಪಸ್ ಬರುವ ರೈಲಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರಂ ಬಂತು. ನಮ್ಮ ಬಿಲ್ಡಿಂಗಿನ ಹಿಂದೆ ರಾಜಕಾಲುವೆ ಇದೆ, ಅದರ ಅಂಚಿನಲ್ಲಿ ನೀಲಿ ಟಾರ್ಪಾಲಿನ್ ಗುಡಿಸಲುಗಳು. ಅವುಗಳನ್ನು ತೆಗೆಸಬೇಕು ಅಂತ ಅರ್ಜಿ, ಎಲ್ಲರೂ ಸಹಿ ಹಾಕಿ. ವಾಸನೆ, ಸೊಳ್ಳೆ, ಸುರಕ್ಷತೆ ಅಂತ ಕಾರಣಗಳು. ಸುಳ್ಳು ಹೇಳಲ್ಲ, ವಾಸನೆಯ ಬಗ್ಗೆ ಆ ಗುಂಪಿನಲ್ಲಿ ಮೊದಲು ಬರೆದವನು ನಾನೇ, ಎರಡು ವರ್ಷದ ಹಿಂದೆ. ಅದೇ ಗುಡಿಸಲುಗಳ ಮೇಲೆ ಮಳೆ ಬಿದ್ದು ನೀಲಿ ಹೊಳೆಯುವ ಒಂದು ಸಂಜೆಯ ಫೋಟೋವನ್ನು ಆರನೇ ಮಹಡಿಯ ಬಾಲ್ಕನಿಯಿಂದ ತೆಗೆದು ಹಾಕಿ ಇನ್ನೂರು ಲೈಕು ತಗೊಂಡವನೂ ನಾನೇ.

ಆ ವಾರ ಓಣಿಯ ರಾತ್ರಿ ಗಸ್ತಿಗೆ ನನ್ನನ್ನೂ ಕೂರಿಸಿಕೊಂಡಿದ್ದರು. ‘ರೊಂಡಾ’ ಅಂತಾರೆ. ಸರದಿ ಪ್ರಕಾರ ಗಂಡಸರು ಕಟ್ಟೆಯ ಮೇಲೆ ಕೂತು ಹರಟೆ ಹೊಡೆದು, ಮಧ್ಯರಾತ್ರಿ ಮನೆ ಮನೆಯ ಮುಂದಿಟ್ಟ ಚಿಲ್ಲರೆ ಕಾಸನ್ನು ಎತ್ತಿಕೊಂಡು ಬರೋದು. ಹಿಂದೆ ಅದು ಒಂದು ಚಿಟಿಕೆ ಅಕ್ಕಿಯಾಗಿತ್ತಂತೆ. ಶುಂಠಿ ಕಷಾಯ ಕುಡೀತಾ ಪಾಕ್ ಎರ್‌ತೆಗೆ ಅರ್ಜಿಯ ವಿಷಯ ಹೇಳಿದೆ. ನನ್ನದು ಅಂತ ಹೇಳಲಿಲ್ಲ, ಸ್ನೇಹಿತನೊಬ್ಬನ ಬಿಲ್ಡಿಂಗಿನದ್ದು ಅಂದೆ. ದಂಡೆಯಲ್ಲಿರೋದು ಆ ಜನರಿಗೂ ಅಪಾಯವೇ ಅಲ್ಲವಾ ಅಂತ ನನ್ನ ವಾದವನ್ನೂ ಮುಂದಿಟ್ಟೆ.

ಅದಕ್ಕೆ ಅವರು ಇಲ್ಲ ಅನ್ನಲಿಲ್ಲ. 2010ರಲ್ಲಿ ಮೆರಾಪಿ ಜ್ವಾಲಾಮುಖಿ ಸಿಡಿದ ಮೇಲೆ ಮಳೆಗೆ ಬೆಟ್ಟದ ಬೂದಿಯೆಲ್ಲ ಕೆಸರಾಗಿ ಇದೇ ನದಿಯಲ್ಲಿ ನುಗ್ಗಿ ಬಂದು ದಂಡೆಯ ಮನೆಗಳಿಗೆ ಹೊಕ್ಕಿತ್ತು. ಅಪಾಯ ಏನು ಅಂತ ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ದಂಡೆಯ ಕೇರಿಗಳಲ್ಲಿ ಈಗ ಒಂದು ಮಾತೇ ಇದೆ: ಹಿಂದೆ ಸರಿ, ಮೇಲಕ್ಕೇರು, ನದಿಗೆ ಮುಖ ಮಾಡು. ಅಂದರೆ ಮನೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಎತ್ತರಿಸಿ, ನದಿಗೆ ಬೆನ್ನು ಹಾಕದೆ ಬಾಗಿಲು ಆ ಕಡೆ ಇಡಿ ಅಂತ. ಸರಿಯೋದಕ್ಕೆ ಅವರು ತಯಾರಿದ್ದಾರೆ, ಮಾಯವಾಗೋದಕ್ಕಲ್ಲ.

ಆಮೇಲೆ ಅವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಮನೆ ಇವೆ? ಅಲ್ಲಿಂದ ಎದ್ದರೆ ಎಲ್ಲಿಗೆ ಹೋಗ್ತಾರೆ? ಅವರ ಎರ್‌ತೆ ಯಾರು?

ನಾಲ್ಕು ವರ್ಷ ದಿನಾ ಮೇಲಿನಿಂದ ನೋಡಿದ್ದೇನೆ. ಒಂದಕ್ಕೂ ಉತ್ತರ ಬರಲಿಲ್ಲ. ಸ್ನೇಹಿತನನ್ನು ಕೇಳಿ ಹೇಳ್ತೀನಿ ಅಂದೆ.

ರೂಮಿಗೆ ಬಂದು ಆ ಮೂರು ಪ್ರಶ್ನೆಗಳನ್ನೇ ಗುಂಪಿನಲ್ಲಿ ಹಾಕಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು, ‘ಸಾರ್, ನೀವು ಅಲ್ಲಿ ಆರಾಮಾಗಿ ಕೂತು ಹೇಳ್ತಿದೀರ, ಇಲ್ಲಿ ನಮ್ಮ ಮಗುಗೆ ಡೆಂಗಿ ಆಗಿದೆ’ ಅಂತ ಬರೆದರು. ಅದೂ ನಿಜವೇ. ಅವರಿಗೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಸೊಳ್ಳೆ ಕೆಳಗಿನವರನ್ನೂ ಕಚ್ಚುತ್ತೆ ಅಂತ ಬರೆದು ಅಳಿಸಿದೆ, ವಾದ ಗೆಲ್ಲುವ ಮಾತಾಗಿತ್ತು ಅದು. ಸಹಿ ಹಾಕಲಿಲ್ಲ. ಹಾಕದೇ ಇದ್ದದ್ದರಿಂದ ಅರ್ಜಿಯೇನೂ ನಿಲ್ಲಲಿಲ್ಲ.

ಮೂರು ತಿಂಗಳು ಇದ್ದು ಬಂದ ಮಾತ್ರಕ್ಕೆ ಆ ಓಣಿಯವನಾದೆ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ವಾಪಸ್ ಟಿಕೆಟ್ ಮೊದಲೇ ಬುಕ್ಕಾಗಿತ್ತು. ನದಿ ಉಕ್ಕಿದರೆ ಮೆಟ್ಟಿಲು ಹತ್ತಿ ಹೋಟೆಲಿಗೆ ಹೋಗುವಷ್ಟು ದುಡ್ಡು ಕಾರ್ಡಿನಲ್ಲಿತ್ತು. ಮಾಂಗುನ್‌ವಿಜಾಯಾ ಅಲ್ಲಿ ಮನೆ ಮಾಡಿದ್ದಕ್ಕೂ ನಾನು ರೂಮು ಹಿಡಿದದ್ದಕ್ಕೂ ಹೋಲಿಕೆ ಇಲ್ಲ. ಹೊರಡುವ ದಿನ ಪಾಕ್ ಎರ್‌ತೆಗೆ ಹೇಳಿ ಬರಲು ಹೋದೆ. ಬರುವಾಗ ಹೇಳಬೇಕು ಅಂತ ಬೋರ್ಡಿದೆ, ಹೋಗುವಾಗ ಹೇಳಬೇಕು ಅಂತ ಎಲ್ಲೂ ಇಲ್ಲ. ಆದರೂ ಹೋದೆ. ನಿನ್ನ ಸ್ನೇಹಿತ ಉತ್ತರ ಕೊಟ್ಟನಾ ಅಂತ ಕೇಳಿದರು. ಕೇಳುವಾಗ ಮುಖದಲ್ಲಿದ್ದ ನಗು ನೋಡಿದರೆ, ಆ ಸ್ನೇಹಿತ ಯಾರು ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಬೆಂಗಳೂರಿಗೆ ಬಂದ ಎರಡನೇ ಭಾನುವಾರ ಬಿಲ್ಡಿಂಗಿನ ಹಿಂದಿನ ಗೇಟಿನಿಂದ ಇಳಿದು ಕಾಲುವೆಯ ಅಂಚಿಗೆ ಹೋದೆ. ಆ ಗೇಟು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ, ಸೆಕ್ಯುರಿಟಿಯವರು ಬೀಗ ತೆಗೆದುಕೊಟ್ಟರು. ಎಣಿಸಿದೆ, ಹತ್ತೊಂಬತ್ತು ಗುಡಿಸಲು. ಒಬ್ಬಾಕೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಯಾದಗಿರಿ ಕಡೆಯ ಮಾತು.

‘ಯಾರ್ ಬೇಕಾಗಿತ್ರಿ?’

ಯಾರು ಬೇಕಾಗಿತ್ತು ಅಂತ ಹೇಳೋಕೆ ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ. ಇಲ್ಲೇ ಮೇಲಿನ ಬಿಲ್ಡಿಂಗಿನವನು ಅಂದೆ.

‘ಗೊತ್ತದರಿ,’ ಅಂದಳು ಮೊರದಿಂದ ತಲೆ ಎತ್ತದೆ. ‘ದಿನಾ ಮ್ಯಾಲ ನಿಂತು ನೋಡ್ತಿರ್ತೀರಲ್ಲ.’