ಹತ್ತು ಕಟ್ಟುವ ಕಡೆ ಒಂದು ಮುತ್ತು

"ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು." ಈ ಗಾದೆಯನ್ನು ನಮ್ಮಲ್ಲಿ ಹೆಚ್ಚಾಗಿ ಬೆಲೆಯ ಮಾತಿಗೆ ಬಳಸುತ್ತಾರೆ. ಹತ್ತು ಸಾಧಾರಣ ವಸ್ತುಗಳಿಗಿಂತ ಒಳ್ಳೆಯದೊಂದು ಇದ್ದರೆ ಸಾಕು ಎಂದು ಅರ್ಥ ಹೇಳುತ್ತಾರೆ. ಆ ಅರ್ಥ ಸರಿಯೇ. ಆದರೆ ದುಡಿಯುವ ಕೈಗೆ ಇದು ಇನ್ನೊಂದು ಮಾತನ್ನೂ ಹೇಳುತ್ತದೆ. ಹಿಡಿದದ್ದಕ್ಕೆ ಗಂಟು ಬೀಳುವ ತನಕ ಕೈ ಬಿಡಬೇಡ, ಅರ್ಧ ಗಂಟು ಹಾಕಿ ಮುಂದಿನದಕ್ಕೆ ಕೈ ಚಾಚಬೇಡ. ಹತ್ತನ್ನೂ ಅರೆಬರೆ ಕಟ್ಟಿದವನ ಕೈಯಲ್ಲಿ ಸಂಜೆಗೆ ಉಳಿಯುವುದು ದಾರ ಮಾತ್ರ.

ಈ ಮಾತನ್ನು ಬೀದರ್ ಜಿಲ್ಲೆಯ ಔರಾದಿನ ತಹಸೀಲ್ ಕಚೇರಿಯಂಥ ಕಡೆ ಇಟ್ಟು ನೋಡಬೇಕು. ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಸೌಕರ್ಯ ಇರುವವರಿಗೆ ಈ ಗಾದೆ ಸುಲಭ. ರಾಜ್ಯದ ಉತ್ತರದ ತುದಿಯ ಈ ತಾಲ್ಲೂಕಿನಲ್ಲಿ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ; ಮೇಜಿನ ಮುಂದೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಸುತ್ತವೆ. ಸಂತಪುರ, ಚಿಂತಾಕಿ, ಎಕಂಬಾ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗಬೇಕು. ಜೂನ್ ಬಂತೆಂದರೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ, ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ಕಾಗದಕ್ಕೆ ಓದುವ ಮಕ್ಕಳ ಸಾಲು. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರದ ಪಟ್ಟಿ. ಇದರ ನಡುವೆ ಫೌತಿ ಖಾತೆಯ ಕಡತವೊಂದನ್ನು ಬಿಚ್ಚಿ ಕುಳಿತ ಗುಮಾಸ್ತ ಸರ್ವೆ ನಂಬರು ತಾಳೆ ನೋಡುತ್ತಿರುವಾಗಲೇ, "ಸರ, ನಮ್ಮ ಕಾಗದ ಏನಾಯ್ತ್ರಿ?" ಎಂಬ ದನಿ. ಉತ್ತರ ಹೇಳಿ ತಲೆ ತಗ್ಗಿಸಿದರೆ ಫೋನು. ಫೋನು ಇಟ್ಟರೆ ಟಪಾಲಿನವನು. ಸರ್ವೆ ನಂಬರನ್ನು ಮತ್ತೆ ಮೊದಲಿನಿಂದ ನೋಡಬೇಕು.

ಈ ಅಡ್ಡಿಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವಲ್ಲ, ಕಚೇರಿಯೇ ಹುಟ್ಟಿಸಿದವು ಎಂಬುದು ನನ್ನ ಗಟ್ಟಿ ನಂಬಿಕೆ. "ನಾಳೆ ಬರ್ರಿ" ಎಂದು ಹೇಳಿ ಕಳಿಸಿದ ಪ್ರತಿಯೊಬ್ಬರೂ ನಾಳೆ ಬಂದೇ ಬರುತ್ತಾರೆ. ಇಂದು ಒಬ್ಬರನ್ನು ಸಾಗಹಾಕಿದ್ದು ನಾಳೆಯ ಒಂದು ಅಡ್ಡಿಯಾಗಿ ಮೇಜಿಗೇ ಹಿಂತಿರುಗುತ್ತದೆ. ವಾರ ಕಳೆಯುವಷ್ಟರಲ್ಲಿ ಹೊಸ ಅರ್ಜಿ ತಂದವರಿಗಿಂತ ಹಳೆಯ ಅರ್ಜಿ ಏನಾಯಿತೆಂದು ಕೇಳುವವರೇ ಹೆಚ್ಚಾಗುತ್ತಾರೆ. ಅವರಿಗೆ ಉತ್ತರ ಹೇಳುವುದರಲ್ಲೇ ಹೊತ್ತು ಹೋಗಿ, ಉತ್ತರವಾಗಬೇಕಾದ ಕೆಲಸ ಹಾಗೇ ಉಳಿಯುತ್ತದೆ.

ಇದಕ್ಕೆ ಮದ್ದು ಹುಡುಕಿದ ಪ್ರಯೋಗದಲ್ಲಿ ಔರಾದಿಗೂ ಪಾಲಿದೆ. ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ 2011ರಲ್ಲಿ ಬಂತು. ಜನ ಅದನ್ನು 'ಸಕಾಲ' ಎಂದೇ ಬಲ್ಲರು. ರಾಜ್ಯಕ್ಕೆಲ್ಲ ಅನ್ವಯಿಸುವ ಮೊದಲು, 2012ರ ಮಾರ್ಚ್ 1ರಿಂದ, ಅದನ್ನು ಪ್ರಾಯೋಗಿಕವಾಗಿ ನಡೆಸಿ ನೋಡಿದ ಕೆಲವೇ ತಾಲ್ಲೂಕುಗಳಲ್ಲಿ ಧಾರವಾಡ, ಚಿತ್ರದುರ್ಗ, ಪುತ್ತೂರಿನ ಜೊತೆ ಔರಾದೂ ಇತ್ತು. ಏಪ್ರಿಲ್ 2ರಿಂದ ಅದು 11 ಇಲಾಖೆಗಳ 151 ಸೇವೆಗಳಿಗೆ ರಾಜ್ಯದಾದ್ಯಂತ ಜಾರಿಯಾಯಿತು. ಅದರ ಘೋಷಣೆಯೇ "ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ". ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಒಂದು ಸಂಖ್ಯೆ, ಕೆಲಸ ಮುಗಿಯಬೇಕಾದ ಒಂದು ದಿನಾಂಕ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ ಹಣ ತಡ ಮಾಡಿದವರ ಸಂಬಳದಿಂದ.

ಎಲ್ಲರೂ 20 ರೂಪಾಯಿಯ ದಂಡದ ಬಗ್ಗೆಯೇ ಮಾತಾಡಿದರು. ನನಗೆ ದೊಡ್ಡದಾಗಿ ಕಾಣುವುದು ಆ ದಿನಾಂಕ. ಹದಿನೈದನೇ ತಾರೀಖಿಗೆ ಸಿಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ, ಆ ಮಾತು ನಿಲ್ಲುತ್ತದೆ ಎಂಬ ಭರವಸೆ ಊರಿಗೆ ಬಂದರೆ, ಎಂಟನೇ ತಾರೀಖಿಗೆ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಆ ಏಳು ದಿನ ಜನರಿಗೂ ಉಳಿಯಿತು, ಗುಮಾಸ್ತನಿಗೂ ಉಳಿಯಿತು. ಸಕಾಲಕ್ಕೂ ಹತ್ತು ವರ್ಷ ಮೊದಲೇ 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಾಗ ಖಾತೆ ಬದಲಾವಣೆಯ ಅರ್ಜಿಗಳಿಗೆ ಇಂಥದ್ದೇ ಒಂದು ಕಟ್ಟು ಹಾಕಿತ್ತು: ಮೊದಲು ಬಂದದ್ದು ಮೊದಲು. ಯಾವ ಕಡತ ಎತ್ತಲಿ ಎಂದು ಕೈ ಹತ್ತು ಕಡೆ ಹರಿದಾಡುವ ಪ್ರಮೇಯವೇ ಇಲ್ಲ. ಸರದಿಯಲ್ಲಿ ಬಂದದ್ದೇ ಇಂದಿನ ಮುತ್ತು.

ಅರ್ಧ ಬಿಟ್ಟ ಕೆಲಸ ಮನಸ್ಸನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಪರೀಕ್ಷಿಸಿದ್ದಾರೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನೇ: ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದು, ಎರಡನೆಯದೂ ಕೆಡುತ್ತದೆ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಉಳಿದ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ನಿಶ್ಚಯಿಸಿಕೊಂಡರೆ ಸಾಕು, ಕೆಲಸ ಮುಗಿಯದಿದ್ದರೂ ಅದರ ಕಾಟ ತಗ್ಗುತ್ತದೆ ಎಂದು ಕಂಡರು. ಹಳೆಯ ಶಿರಸ್ತೇದಾರರು ಆವಕ-ಜಾವಕ ವಹಿಯನ್ನು ಅಷ್ಟು ಕಟ್ಟುನಿಟ್ಟಾಗಿ ಬರೆಸುತ್ತಿದ್ದುದರ ಬೆಲೆ ಇದರಲ್ಲಿ ತಿಳಿಯುತ್ತದೆ. ಮಧ್ಯೆ ಎದ್ದು ಹೋಗಬೇಕಾದರೆ ಎಲ್ಲಿ ನಿಂತೆ, ಮುಂದೇನು ಎಂದು ಕಡತದ ಮೇಲೆ ಪೆನ್ಸಿಲಿನಿಂದ ಒಂದು ಸಾಲು ಬರೆದಿಡಿ. ತಿರುಗಿ ಬಂದಾಗ ಮೊದಲಿನಿಂದ ಓದಬೇಕಿಲ್ಲ. ಹತ್ತು ಕೆಲಸ ತಲೆಯಲ್ಲಿರುವ ಬದಲು ಕಾಗದದಲ್ಲಿದ್ದರೆ, ತಲೆ ಒಂದಕ್ಕೆ ಬಿಡುವಾಗುತ್ತದೆ.

ಓದದೆ ಒತ್ತಿದ ಮುದ್ರೆ ಏನು ಮಾಡಬಲ್ಲದು ಎಂಬುದಕ್ಕೆ ಬೀದರಿನಲ್ಲೇ ಸಾಕ್ಷಿಯಿದೆ. 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅವನ ಮುದ್ರೆ ಕಾಯುತ್ತಿದ್ದವನನ್ನು ವೈರಿಗಳು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. 1481ರಲ್ಲಿ ಗವಾನನ ತಲೆ ಹೋಯಿತು. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಲ್ಲಿ ಒಳಸಂಚಿತ್ತು, ಒಪ್ಪೋಣ. ಆದರೂ ಗಡಿಬಿಡಿಯಲ್ಲಿ "ಇಲ್ಲೊಂದು ಸಹಿ ಹಾಕ್ರಿ ಸರ" ಎಂದು ಮುಂದೆ ಹಿಡಿದ ಕಾಗದಕ್ಕೆ ಕಣ್ಣು ಹಾಯಿಸದೆ ಸಹಿ ಮಾಡುವ ಅಭ್ಯಾಸದಿಂದ ಇಂದಿಗೂ ಯಾರದೋ ಹೊಲ ಯಾರದೋ ಹೆಸರಿಗೆ ಹೋಗುತ್ತದೆ. ಸಹಿಯ ಹೊತ್ತಿನಲ್ಲಿ ಮಾತಾಡಿಸಬೇಡಿ ಎಂದು ಹೇಳುವುದು ಸೊಕ್ಕಲ್ಲ.

ಹಾಗಾದರೆ ಎದುರು ನಿಂತವರನ್ನು ಕಡೆಗಣಿಸಬೇಕೆ? ಈ ಪ್ರಶ್ನೆಗೆ ಉತ್ತರ ಇದೇ ಜಿಲ್ಲೆಯ ಕಲ್ಯಾಣದಲ್ಲಿದೆ. ಕಾಯಕದಲ್ಲಿ ಮುಳುಗಿದವನು ಗುರು ಬಂದು ನಿಂತರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎಂಬಷ್ಟು ದೂರ ಹೋದವನು ಅಲ್ಲಿನ ಶರಣ ಆಯ್ದಕ್ಕಿ ಮಾರಯ್ಯ. ಮಾರಯ್ಯನ ಮಾತನ್ನು ಹಿಡಿದು ಕೆಲವರು ಜನರ ಮೇಲೆ ರೇಗುವುದನ್ನು ನಾನು ಒಪ್ಪುವುದಿಲ್ಲ. ಕಚೇರಿಯಲ್ಲಿ ಕುಳಿತವನಿಗೆ ಎಕಂಬಾದಿಂದ ಬಂದ ಮುದುಕಿ ಅಡ್ಡಿಯಲ್ಲ. ಅವಳ ಪಿಂಚಣಿಯೇ ಅವನ ಕಾಯಕ. ಮಾರಯ್ಯ ಮರೆಯಲು ಹೇಳಿದ್ದು ಮೇಲಿನವರನ್ನು, ದೊಡ್ಡವರನ್ನು.

ಅದೇ ಇಂದು ಆಗದಿರುವುದು. ಸುಮಾರು 40 ಕಿಲೋಮೀಟರ್ ದೂರದ ಬೀದರಿನಿಂದ, ಬೆಂಗಳೂರಿನಿಂದ ವಾಟ್ಸಾಪಿಗೆ "ಅರ್ಜೆಂಟ್" ಎಂದು ಬರುವ ವರದಿ, ದಿಢೀರ್ ವಿಡಿಯೊ ಸಭೆ, "ಈಗಲೇ ಅಂಕಿ ಅಂಶ ಕಳಿಸಿ" ಎಂಬ ಕರೆ ಬಂದಾಗ ಗುಮಾಸ್ತ ಮುದುಕಿಯನ್ನು ನಿಲ್ಲಿಸಿ ಏಳುತ್ತಾನೆ. ಹಾಗೆ ಏಳದಿದ್ದರೆ ಅವನಿಗೆ ನೋಟಿಸು ಬರುತ್ತದೆ. ಆದ್ದರಿಂದ ಜಿಲ್ಲೆಯ ಮೇಲಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟು: ನೆರೆ, ಬೆಂಕಿಯಂಥ ಆಪತ್ತನ್ನು ಬಿಟ್ಟು ಉಳಿದ ಯಾವ ವರದಿಯನ್ನೂ ತಾಲ್ಲೂಕು ಕಚೇರಿಯಿಂದ ಮಧ್ಯಾಹ್ನ ಮೂರರ ಮೊದಲು ಕೇಳಬೇಡಿ. ಅಷ್ಟರ ತನಕ ಆ ಮೇಜು ಹಳ್ಳಿಯಿಂದ ಬಂದವರದ್ದಾಗಿರಲಿ.