ನೆರವಾಗುವವನ ಮೇರೆ

ನೊಂದವನಿಗೆ ನೆರವಾಗುವವನು ಅವನ ಪರವಾಗಿ ತೀರ್ಮಾನಿಸಲೂ ಬಹುದೋ? 1995ನೆಯ ಇಸವಿ ಜನವರಿ 17ರಂದು ಜಪಾನ್ ದೇಶದ ಕೋಬೆ ಪಟ್ಟಣದಲ್ಲಿಯೂ ಅದರ ಸುತ್ತುಮುತ್ತಲೂ ಭೂಕಂಪವುಂಟಾಗಿ 6,434 ಮಂದಿ ಸತ್ತರು. ಮಾರ್ಚ್ 17ರಲ್ಲಿಯೇ ಅಧಿಕಾರಿಗಳು ಅಗಲವಾದ ಬೀದಿಗಳನ್ನೂ ಉದ್ಯಾನಗಳನ್ನೂ ನಕ್ಷೆಯಲ್ಲಿ ಗೊತ್ತುಮಾಡಿದರು. ಆಗ ಅನೇಕ ನಿವಾಸಿಗಳು ಇನ್ನೂ ಶಾಲೆಗಳಲ್ಲಿ ಆಶ್ರಯ ಪಡೆದಿದ್ದರು. ತಮ್ಮನ್ನು ಕೇಳಲಿಲ್ಲವೆಂದು ಜನರು ಮೊರೆಯಿಟ್ಟರು. ಬಳಿಕ ಅನೇಕ ಕೇರಿಗಳಲ್ಲಿ ನಿವಾಸಿಗಳ ಸಭೆಗಳು ಕೂಡಿದವು. ನಗರರಚನೆಯನ್ನು ಬಲ್ಲವರಲ್ಲಿ ಕೆಲವರು ಕೂಲಿ ಬಯಸದೆ ಬಂದು, ನಕ್ಷೆಯ ಅರ್ಥವನ್ನು ಬಿಡಿಸಿ ಹೇಳಿ, ಜನರ ವಿಚಾರಕ್ಕೆ ನೆರವಾದರು.

ಅಧಿಕಾರಿಗಳ ಎಣಿಕೆಯೂ ಕೆಟ್ಟದ್ದಲ್ಲ. ಇಕ್ಕಟ್ಟಾದ ಓಣಿಗಳಲ್ಲಿ ಬೆಂಕಿ ಹಬ್ಬಿದ್ದನ್ನು ಅವರು ಕಂಡಿದ್ದರು. ಆದಾಗ್ಯೂ ಒಳ್ಳೇದನ್ನು ಬಯಸುವದು ಬೇರೆ, ಹೇರುವದು ಬೇರೆ. ಬೀದಿಗೋಸ್ಕರ ನೆಲದ ಪಾಲನ್ನು ಬಿಟ್ಟುಕೊಡುವವನು ಅಲ್ಲಿ ಬಾಳುವವನೇ. ನೆರವಿಗೆ ಬಂದವನು ತನ್ನೂರಿಗೆ ಹಿಂದಿರುಗುವನು. ಆದದರಿಂದ ಪರರಿಗಾಗಿ ದುಡಿಯುವ ನಾವು ನಮ್ಮ ತಿಳುವಳಿಕೆಯನ್ನು ಧಾರಾಳವಾಗಿ ಕೊಡತಕ್ಕದ್ದು; ತೀರ್ಮಾನವನ್ನಾದರೋ ಅವರ ಕೈಯಲ್ಲಿಯೇ ಬಿಡತಕ್ಕದ್ದು.